ನೆಲ ಮುಟ್ಟುವ ಮುನ್ನ ಎಂಜಿನ್ ಸೋತಾಗ

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲಿನಲ್ಲಿ ತುಮಕೂರು ದಾಟಿ, ಗುಬ್ಬಿ ದಾಟಿದರೆ ನಿಟ್ಟೂರು ಬರುತ್ತದೆ. ಹಳಿಯ ಎರಡೂ ಬದಿಗೆ ತೆಂಗು ಅಡಿಕೆಯ ತೋಟಗಳು, ನಡುನಡುವೆ ರಾಗಿ ಹೊಲಗಳು, ಅಲ್ಲಲ್ಲಿ ಕೆರೆಗಳು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಿಂದ ಹೆಸರಾದ ಈ ತಾಲ್ಲೂಕಿಗೆ ಇತ್ತೀಚೆಗೆ ಇನ್ನೊಂದು ಗುರುತೂ ಸೇರಿಕೊಂಡಿದೆ. ದನಗಳ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲನ್ನು ನಮ್ಮ ಸೀಮೆಯಲ್ಲಿ ಕಾವಲ್ ಎನ್ನುತ್ತಾರೆ. ಅಂಥ ಒಂದು ಕಾವಲ್, ಬಿದರೆಹಳ್ಳ ಕಾವಲ್. ಅಲ್ಲಿ 615 ಎಕರೆ ಪ್ರದೇಶದಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ, ಅಂದರೆ ನಾವೆಲ್ಲ ಎಚ್.ಎ.ಎಲ್. ಎಂದು ಕರೆಯುವ ಸಂಸ್ಥೆಯ, ಹೆಲಿಕಾಪ್ಟರ್ ಕಾರ್ಖಾನೆ ತಲೆಯೆತ್ತಿದೆ. ಅದರ ಶಂಕುಸ್ಥಾಪನೆ ಆದದ್ದು 2016ರ ಜನವರಿ 3ರಂದು. ಉದ್ಘಾಟನೆ 2023ರ ಫೆಬ್ರವರಿ 6ರಂದು.

ಈ ಕಾರ್ಖಾನೆಯನ್ನು ಮೊದಲಿಗೆ ಉದ್ದೇಶಿಸಿದ್ದು ಲಘು ಬಳಕೆಯ ಹೆಲಿಕಾಪ್ಟರಿನ ತಯಾರಿಕೆಗೆ. ಮೂರು ಟನ್ ವರ್ಗದ ಈ ಹೆಲಿಕಾಪ್ಟರಿಗೆ ಇರುವುದು ಒಂದೇ ಎಂಜಿನ್. ಅದು ಹಾರುವುದನ್ನು ಕಂಡ ಮಗುವೊಂದು ಸಹಜವಾಗಿ ಕೇಳಬಹುದಾದ ಪ್ರಶ್ನೆ ಇದು: "ಎಂಜಿನ್ ನಿಂತುಹೋದರೆ ಏನು ಗತಿ?"

ವಿದ್ಯಾರ್ಥಿ ಮಿತ್ರರೇ, ಇದು ಸಣ್ಣ ಪ್ರಶ್ನೆಯಲ್ಲ. ಹಾರಾಟದ ನೂರಿಪ್ಪತ್ತು ವರ್ಷಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಅನೇಕರು ಪ್ರಾಣ ತೆತ್ತಿದ್ದಾರೆ. ಅದರಲ್ಲೂ ವಿಮಾನ ಇನ್ನೇನು ಇಳಿಯಬೇಕು, ನೆಲ ಹತ್ತಿರವಾಗಿದೆ, ವೇಗ ಕಡಿಮೆಯಾಗಿದೆ ಎನ್ನುವ ಹೊತ್ತಿನಲ್ಲಿ ಎಂಜಿನ್ ಕೈಕೊಟ್ಟರೆ ಚಾಲಕನಿಗೆ ಸಿಗುವುದು ಕೆಲವೇ ಸೆಕೆಂಡುಗಳು. ಆ ಸೆಕೆಂಡುಗಳಲ್ಲಿ ಮಾಡಬೇಕಾದುದನ್ನು ಮನುಷ್ಯ ಹೇಗೆ ಕಲಿತ ಎಂಬುದೇ ಈ ಲೇಖನದ ವಸ್ತು. ಆ ಚರಿತ್ರೆಯ ಹಲವು ಅಧ್ಯಾಯಗಳು ನಮ್ಮ ಕರ್ನಾಟಕದ ನೆಲದಲ್ಲೇ ನಡೆದಿವೆ.

ಎಂಜಿನ್ನನ್ನು ನಂಬದ ಕಾಲ

ಎಂಜಿನ್ ನಿಂತ ಕೂಡಲೇ ವಿಮಾನ ಕಲ್ಲಿನಂತೆ ಕೆಳಗೆ ಬೀಳುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಇದು ಸರಿಯಲ್ಲ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ. ರೆಕ್ಕೆಗೆ ಬೇಕಾದುದು ಅದರ ಮೇಲೆ ಹರಿಯುವ ಗಾಳಿ. ಎಂಜಿನ್ ಇಲ್ಲದಿದ್ದರೂ ಮೂತಿಯನ್ನು ತುಸು ಕೆಳಗೆ ಬಾಗಿಸಿದರೆ ವಿಮಾನ ತನ್ನ ಎತ್ತರವನ್ನು ಖರ್ಚು ಮಾಡಿ ವೇಗವನ್ನು ಉಳಿಸಿಕೊಳ್ಳುತ್ತದೆ. ಇಳಿಜಾರಿನಲ್ಲಿ ಪೆಡಲು ತುಳಿಯದೆಯೇ ಸೈಕಲ್ ಸಾಗುವ ಹಾಗೆ ಅದು ತೇಲುತ್ತ ಇಳಿಯುತ್ತದೆ. ಇದಕ್ಕೆ ಗ್ಲೈಡ್ ಎಂದು ಹೆಸರು.

ಅಪಾಯ ಇರುವುದು ವೇಗ ತಗ್ಗಿದಾಗ. ವೇಗ ಒಂದು ಮಿತಿಗಿಂತ ಕಡಿಮೆಯಾಗಿ, ಮೂತಿ ಅತಿಯಾಗಿ ಮೇಲೆದ್ದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಒಡೆದುಹೋಗುತ್ತದೆ. ಎತ್ತುವ ಶಕ್ತಿ ಕುಸಿಯುತ್ತದೆ. ಈ ಸ್ಥಿತಿಯನ್ನು ಸ್ಟಾಲ್ ಎನ್ನುತ್ತಾರೆ. ಜರ್ಮನಿಯ ಓಟೋ ಲಿಲಿಯಂಥಾಲ್ ಎಂಜಿನ್ನೇ ಇಲ್ಲದ ಗ್ಲೈಡರುಗಳಲ್ಲಿ ಹಾರಾಟದ ವಿದ್ಯೆಯನ್ನು ಕಲಿತ ಮಹನೀಯ. 1896ರ ಆಗಸ್ಟಿನಲ್ಲಿ ಅವನ ಗ್ಲೈಡರ್ ಹೀಗೆ ಸ್ಟಾಲ್ ಆಗಿ ಬಿದ್ದು, ಅವನು ಮರುದಿನ ತೀರಿಕೊಂಡ. ಹಾರಾಟದ ಮೊದಲ ಪಾಠವನ್ನು ಅವನ ಸಾವು ಬರೆಯಿತು.

ರೈಟ್ ಸಹೋದರರು 1903ರಲ್ಲಿ ಎಂಜಿನ್ ಕೂಡಿಸಿ ಹಾರಿದರು. ಆದರೆ ಆ ಕಾಲದ ಎಂಜಿನ್‌ಗಳು ಬಹಳ ಚಂಚಲ. 1909ರ ಜುಲೈ 19ರಂದು ಹ್ಯೂಬರ್ಟ್ ಲೇಥಮ್ ಎಂಬಾತ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಲು ಹೊರಟಾಗ ನಡುದಾರಿಯಲ್ಲಿ ಎಂಜಿನ್ ನಿಂತಿತು. ಅವನು ವಿಮಾನವನ್ನು ತೇಲಿಸಿಕೊಂಡು ಬಂದು ಕಡಲ ಮೇಲೆಯೇ ಇಳಿಸಿ ಬದುಕಿಕೊಂಡ. ಆರು ದಿನಗಳ ನಂತರ ಲೂಯಿ ಬ್ಲೆರಿಯೊ ಆ ಕಾಲುವೆಯನ್ನು ದಾಟಿ ಹೆಸರು ಪಡೆದ.

ಎಂಜಿನ್ನನ್ನು ನಂಬುವಂತಿಲ್ಲ ಎಂದು ಅರಿತ ಆ ಕಾಲದ ಚಾಲಕರು ಜಾಣತನದ ಒಂದು ಪದ್ಧತಿಯನ್ನು ರೂಢಿಸಿಕೊಂಡರು. ಇಳಿಯುವ ಬಯಲು ಗ್ಲೈಡ್ ಮಾಡಿಯೇ ತಲುಪುವಷ್ಟು ಹತ್ತಿರ ಬರುವ ತನಕ ಎತ್ತರವನ್ನು ಬಿಟ್ಟುಕೊಡುತ್ತಿರಲಿಲ್ಲ. ಆಮೇಲೆ ಥ್ರಾಟಲನ್ನು ಪೂರ್ತಿ ಹಿಂದಕ್ಕೆ ಎಳೆದು ತೇಲುತ್ತ ಬಂದು ಇಳಿಯುತ್ತಿದ್ದರು. ಎಂಜಿನ್ ಆಗ ನಿಂತರೂ ನಷ್ಟವಿರಲಿಲ್ಲ. ಅದರ ಸಹಾಯವನ್ನು ಅವರು ಮೊದಲೇ ಬಿಟ್ಟಿದ್ದರು.

ಒಂದು ಸರಳ ಲೆಕ್ಕ

ಮುಂದೆ ವಿಮಾನಗಳು ಭಾರವಾದವು, ಎಂಜಿನ್‌ಗಳು ನಂಬಿಕೆಗೆ ಅರ್ಹವಾದವು. ರನ್‌ವೇಯ ನಿರ್ದಿಷ್ಟ ಜಾಗದಲ್ಲೇ ಚಕ್ರ ಮುಟ್ಟಿಸಬೇಕು, ಮೋಡ ಕವಿದಾಗಲೂ ರೇಡಿಯೋ ಸಂಕೇತದ ಆಸರೆಯಲ್ಲಿ ಇಳಿಯಬೇಕು ಎಂಬ ಅಗತ್ಯಗಳು ಬಂದವು. ಹೀಗಾಗಿ ಎಂಜಿನ್ನಿನ ಬಲವನ್ನು ಸ್ವಲ್ಪ ಉಳಿಸಿಕೊಂಡು ನೀಳವಾದ ಇಳಿಜಾರಿನಲ್ಲಿ ಬರುವ ಪದ್ಧತಿ ಬಳಕೆಗೆ ಬಂತು. ಇಂದು ದೊಡ್ಡ ನಿಲ್ದಾಣಗಳಲ್ಲಿ ಆ ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ.

ಈಗ ಒಂದು ಲೆಕ್ಕ ಮಾಡೋಣ. 3 ಡಿಗ್ರಿ ಇಳಿಜಾರಿನಲ್ಲಿ 1 ಮೀಟರ್ ಇಳಿಯುವಷ್ಟರಲ್ಲಿ ವಿಮಾನ ಸುಮಾರು 19 ಮೀಟರ್ ಮುಂದೆ ಸಾಗಿರುತ್ತದೆ. ಎಂದರೆ ನೆಲದಿಂದ 100 ಮೀಟರ್ ಎತ್ತರದಲ್ಲಿರುವಾಗ ರನ್‌ವೇ ಇನ್ನೂ 1,900 ಮೀಟರ್ ದೂರದಲ್ಲಿದೆ. ಒಂಟಿ ಎಂಜಿನ್ನಿನ ಸಣ್ಣ ವಿಮಾನ ಗಾಳಿಯಿಲ್ಲದ ಹೊತ್ತಿನಲ್ಲಿ ಗ್ಲೈಡ್ ಮಾಡಬಲ್ಲದ್ದು 1 ಮೀಟರಿಗೆ ಸುಮಾರು 9 ಮೀಟರ್ ಮಾತ್ರ. 100 ಮೀಟರಿನಿಂದ ಅದು ಹೋಗಬಲ್ಲದ್ದು 900 ಮೀಟರ್. ಇಳಿಯುವಾಗ ಎದುರುಗಾಳಿ ಇರುವುದೇ ರೂಢಿಯಾದ್ದರಿಂದ ಅದು ಇನ್ನೂ ಕಡಿಮೆ. ಎಂಜಿನ್ ಅಲ್ಲಿ ನಿಂತರೆ ವಿಮಾನ ಅರ್ಧ ದಾರಿಯನ್ನೂ ಮುಟ್ಟುವುದಿಲ್ಲ.

ರನ್‌ವೇ ಕಣ್ಣೆದುರು ಕಾಣುತ್ತಿದೆ, ಆದರೆ ತಲುಪುವಂತಿಲ್ಲ. ಇಂಥ ಹೊತ್ತಿನಲ್ಲಿ ಮನುಷ್ಯನ ಕೈ ತಾನಾಗಿಯೇ ಮೂತಿಯನ್ನು ಮೇಲಕ್ಕೆ ಎಳೆಯುತ್ತದೆ, ಇನ್ನೊಂದಿಷ್ಟು ದೂರ ಹೋದೀತೆಂಬ ಆಸೆಯಿಂದ. ಹಾಗೆ ಎಳೆದರೆ ವೇಗ ಕುಸಿಯುತ್ತದೆ, ವಿಮಾನ ಸ್ಟಾಲ್ ಆಗುತ್ತದೆ. ಚಟ್ಟನೆ ಓರೆಯಾಗಿ ತಿರುಗಲು ಹೋದರೂ ಅದೇ ಕಥೆ. 60 ಡಿಗ್ರಿ ಓರೆ ಮಾಡಿ ಎತ್ತರ ಬಿಡದೆ ತಿರುಗಿದರೆ ಸ್ಟಾಲ್ ಆಗುವ ವೇಗ ಶೇಕಡಾ 41ರಷ್ಟು ಹೆಚ್ಚುತ್ತದೆ. ಆದ್ದರಿಂದ ಗುರುಗಳು ಹೇಳಿಕೊಡುವ ಮಾತು ಒಂದೇ: ಮೂತಿಯನ್ನು ಬಾಗಿಸು, ವೇಗ ಕಾಪಾಡು, ಎದುರಿಗೆ ಸಿಗುವ ಬಯಲಿನಲ್ಲಿ ಇಳಿ. ಎತ್ತರ ಮತ್ತು ವೇಗ ಇವೆರಡೂ ಚಾಲಕನು ಕಷ್ಟಕಾಲಕ್ಕೆಂದು ಕೂಡಿಟ್ಟ ಗಂಟು. ಗಂಟು ಕರಗಿದ ಮೇಲೆ ಜಾಣತನಕ್ಕೆ ಬೆಲೆಯಿಲ್ಲ.

ಬೆಂಗಳೂರಿನ ಪುಟ್ಟ ವಿಮಾನಗಳು

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ತೆರೆದರು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸ್ವಾತಂತ್ರ್ಯಾನಂತರ ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಇಲ್ಲಿ ರೂಪುಗೊಂಡ ತರಬೇತಿ ವಿಮಾನ ಎಚ್.ಟಿ.-2, 1951ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಹಾರಿತು. 1958ರಲ್ಲಿ ಪುಷ್ಪಕ್ ಬಂತು. ಎರಡೇ ಆಸನ, 90 ಅಶ್ವಶಕ್ತಿಯ ಒಂದೇ ಎಂಜಿನ್. ದೇಶದ ಅನೇಕ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ಇಡೀ ಪೀಳಿಗೆ ಹಾರಲು ಕಲಿತದ್ದು ಈ ಪುಷ್ಪಕ್‌ನಲ್ಲಿ.

ಇಂಥ ವಿಮಾನಗಳ ಎಂಜಿನ್ ಇಳಿಯುವ ಹೊತ್ತಿಗೇ ಸೋಲುವುದಕ್ಕೆ ಒಂದು ವಿಚಿತ್ರ ಕಾರಣವಿದೆ. ಅದು ಮಂಜುಗಡ್ಡೆ. ಸೆಕೆಯ ನಮ್ಮ ನಾಡಿನಲ್ಲಿ ಮಂಜುಗಡ್ಡೆ ಎಲ್ಲಿಂದ ಬಂತು ಎಂದು ನಿಮಗೆ ಅನ್ನಿಸಬಹುದು. ಮಣ್ಣಿನ ಮಡಕೆಯ ನೀರು ಬೇಸಿಗೆಯಲ್ಲೂ ತಣ್ಣಗಿರುವುದೇಕೆಂದು ನೆನಪಿಸಿಕೊಳ್ಳಿ. ಮಡಕೆಯ ಹೊರಮೈಯಿಂದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಕಾರ್ಬ್ಯುರೇಟರಿನಲ್ಲಿಯೂ ಪೆಟ್ರೋಲು ಗಾಳಿಯೊಡನೆ ಬೆರೆತು ಆವಿಯಾಗುತ್ತದೆ. ಜೊತೆಗೆ ಕಿರಿದಾದ ದಾರಿಯಲ್ಲಿ ಗಾಳಿಯ ಒತ್ತಡ ತಗ್ಗುತ್ತದೆ. ಎರಡೂ ಸೇರಿ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕುಸಿಯಬಹುದು. ಹೊರಗೆ 20 ಡಿಗ್ರಿ ಇದ್ದು ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದರೆ, ನಮ್ಮ ಮಳೆಗಾಲದ ಬೆಳಗಿನ ಹಾಗೆ, ಕಾರ್ಬ್ಯುರೇಟರಿನ ಒಳಗೆ ಹಿಮ ಕಟ್ಟುತ್ತದೆ.

ಇಳಿಯಲು ಬರುವಾಗ ಥ್ರಾಟಲಿನ ಬಾಗಿಲು ಬಹುತೇಕ ಮುಚ್ಚಿರುವುದರಿಂದ ಉಳಿದ ಸಣ್ಣ ಕಿಂಡಿಯೂ ಹಿಮದಿಂದ ಕಟ್ಟಿಕೊಳ್ಳುವುದು ಸುಲಭ. ಎಂಜಿನ್ ಹೇಗೂ ಮೆಲ್ಲಗೆ ಓಡುತ್ತಿರುವುದರಿಂದ ಚಾಲಕನಿಗೆ ಅದರ ಸುಳಿವೂ ಸಿಗುವುದಿಲ್ಲ. ರನ್‌ವೇ ಸಮೀಪಿಸಿ ಸ್ವಲ್ಪ ಬಲ ಬೇಕೆಂದು ಥ್ರಾಟಲ್ ಒತ್ತಿದರೆ ಎಂಜಿನ್ ಕೆಮ್ಮಿ ಸುಮ್ಮನಾಗುತ್ತದೆ. ಇದಕ್ಕೆ ಪರಿಹಾರ ಸರಳವಾದುದು: ಬಲ ತಗ್ಗಿಸುವ ಮೊದಲೇ ಒಂದು ಗುಂಡಿ ಎಳೆದು ಬಿಸಿ ಗಾಳಿಯನ್ನು ಕಾರ್ಬ್ಯುರೇಟರಿಗೆ ಹರಿಸುವುದು. ಹಿಮ ಕಟ್ಟಿದ ಮೇಲೆ ಎಳೆದರೆ ಕರಗಲು ಹೊತ್ತು ಹಿಡಿಯುತ್ತದೆ; ಆ ಹೊತ್ತು ನೆಲದ ಸಮೀಪದಲ್ಲಿ ಇರುವುದಿಲ್ಲ.

ದೀಪಕ್ ಕಲಿಸಿದ್ದು

ಎಚ್.ಟಿ.-2ರ ಜಾಗಕ್ಕೆ ಬಂದ ವಿಮಾನ ಎಚ್.ಪಿ.ಟಿ.-32. ಇದರ ಹೆಸರು ದೀಪಕ್. ಎಚ್.ಎ.ಎಲ್. ರೂಪಿಸಿದ ಇದು 1977ರ ಜನವರಿ 6ರಂದು ಮೊದಲು ಹಾರಿತು. 260 ಅಶ್ವಶಕ್ತಿಯ ಒಂದು ಪಿಸ್ಟನ್ ಎಂಜಿನ್. ವಾಯುಪಡೆಗೆ ಸೇರಿದ ತರುಣರು ಮೊದಲು ಕಲಿಯುತ್ತಿದ್ದುದು ಇದರಲ್ಲೇ. ಆದರೆ ಹಾರಾಟದ ನಡುವೆ ಎಂಜಿನ್ ನಿಂತುಹೋಗುವ ತೊಂದರೆ ಈ ವಿಮಾನವನ್ನು ಬಿಡದೆ ಕಾಡಿತು. ಎಂಜಿನ್ ನಿಂತ ಮೇಲೆ ಚೆನ್ನಾಗಿ ಗ್ಲೈಡ್ ಮಾಡುವ ಗುಣವೂ ಇದಕ್ಕಿರಲಿಲ್ಲ. ಎಸೆದು ಹೊರಬರುವ ಆಸನ ಇದರಲ್ಲಿ ಇರಲಿಲ್ಲ. ವಾಯುಪಡೆಯಲ್ಲಿ ಅದು ಸೇವೆಯಲ್ಲಿದ್ದ ವರ್ಷಗಳಲ್ಲಿ 17 ಅಪಘಾತಗಳು ಆಗಿ 19 ಮಂದಿ ಚಾಲಕರು ಮಡಿದರು. 2009ರ ಜುಲೈ ಕೊನೆಯಲ್ಲಿ ಇಬ್ಬರು ಅನುಭವಿ ಶಿಕ್ಷಕರೇ ಪ್ರಾಣ ಕಳೆದುಕೊಂಡ ಮೇಲೆ ದೀಪಕ್ ವಿಮಾನಗಳ ಹಾರಾಟವನ್ನು ನಿಲ್ಲಿಸಲಾಯಿತು.

ಕಲಿಯುವವನ ವಿಮಾನ ಎಲ್ಲಕ್ಕಿಂತ ಸಾಧುವಾಗಿರಬೇಕು. ದೀಪಕ್‌ನ ವಿಷಯದಲ್ಲಿ ಅದು ತಿರುಗುಮುರುಗಾಯಿತು. ಆ ಅನುಭವದಿಂದಾಗಿಯೇ ಮುಂದಿನ ತರಬೇತಿ ವಿಮಾನಗಳಿಗೆ ಟರ್ಬೋಪ್ರಾಪ್ ಎಂಜಿನ್ ಮತ್ತು ಎಸೆದು ಹೊರಬರುವ ಆಸನ ಎರಡನ್ನೂ ಬೇಡಲಾಯಿತು. ಬೆಂಗಳೂರಿನಲ್ಲಿ 2016ರ ಮೇ 31ರಂದು ಮೊದಲು ಹಾರಿದ ಎಚ್.ಟಿ.ಟಿ.-40 ಅಂಥ ವಿಮಾನ.

ಬಲವಿದ್ದೂ ಕೈಗೆ ಬಾರದ ದಿನ

ಎಂಜಿನ್ ಕೆಡದೆಯೇ ಬಲ ಇಲ್ಲವಾಗುವುದೂ ಉಂಟು. ಇದರ ಕಹಿಯನ್ನು ಬೆಂಗಳೂರು ಕಂಡದ್ದು 1990ರ ಫೆಬ್ರವರಿ 14ರಂದು. ಅದು ಸಣ್ಣ ವಿಮಾನವಲ್ಲ; ಮುಂಬಯಿಯಿಂದ 146 ಜನರನ್ನು ಹೊತ್ತು ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320. ಆದರೆ ನಮ್ಮ ವಿಷಯಕ್ಕೆ ಅದರಷ್ಟು ಸ್ಪಷ್ಟವಾದ ಪಾಠ ಬೇರೆ ಸಿಗದು.

ಎಚ್.ಎ.ಎಲ್. ನಿಲ್ದಾಣಕ್ಕೆ ಇಳಿಯಲು ಬರುತ್ತಿದ್ದಾಗ ವಿಮಾನದ ಸ್ವಯಂಚಾಲಿತ ವ್ಯವಸ್ಥೆ ಎಂಜಿನ್‌ಗಳನ್ನು ಅತಿ ಕಡಿಮೆ ಬಲಕ್ಕೆ ಇಳಿಸುವ ಕ್ರಮದಲ್ಲಿತ್ತು. ಎಂಜಿನ್‌ಗಳು ಎರಡೂ ಆರೋಗ್ಯವಾಗಿದ್ದವು. ಆದರೆ ಬರಿದೇ ತಿರುಗುತ್ತಿದ್ದವು. ವಿಮಾನದ ವೇಗ ಇರಬೇಕಾದುದಕ್ಕಿಂತ 20 ನಾಟ್‌ಗೂ ಹೆಚ್ಚು ಕುಸಿಯಿತು. ನೆಲದ ಎತ್ತರವನ್ನು ಯಂತ್ರವೇ ಕೂಗಿ ಹೇಳುತ್ತಿದ್ದರೂ ಥ್ರಾಟಲ್ ಮುಂದಕ್ಕೆ ಹೋದದ್ದು ತಡವಾಗಿ. ಜೆಟ್ ಎಂಜಿನ್ ಒತ್ತಿದ ಕ್ಷಣಕ್ಕೆ ಬಲ ಕೊಡುವುದಿಲ್ಲ. ಅದರ ಚಕ್ರಗಳು ವೇಗ ಹಿಡಿಯಲು ಹಲವು ಸೆಕೆಂಡು ಬೇಕು. ಅಷ್ಟು ಸೆಕೆಂಡುಗಳು ಉಳಿದಿರಲಿಲ್ಲ. ವಿಮಾನ ರನ್‌ವೇಗೆ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. 92 ಜನ ಸತ್ತರು.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಪರಿಸ್ಥಿತಿಯ ಗಂಭೀರತೆಯನ್ನು ಚಾಲಕರು ಗ್ರಹಿಸಿ ಕೂಡಲೇ ಥ್ರಾಟಲ್ ಮುಂದೊತ್ತಲಿಲ್ಲ ಎಂಬುದು ವರದಿಯ ಸಾರ. ಇಂದು ವಿಮಾನ ಸಂಸ್ಥೆಗಳು ಕಟ್ಟುನಿಟ್ಟಾಗಿ ಪಾಲಿಸುವ ಒಂದು ನಿಯಮವಿದೆ: ನೆಲದಿಂದ ಗೊತ್ತುಪಡಿಸಿದ ಎತ್ತರಕ್ಕೆ ಬರುವ ಹೊತ್ತಿಗೆ ವೇಗ, ಇಳಿಯುವ ದರ, ಎಂಜಿನ್ನಿನ ಬಲ ಎಲ್ಲವೂ ಹದದಲ್ಲಿರಬೇಕು, ಒಂದು ತಪ್ಪಿದ್ದರೂ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕು. ಬೆಂಗಳೂರಿನಂಥ ದುರಂತಗಳೇ ಆ ನಿಯಮಕ್ಕೆ ಬಲ ತಂದವು.

ಬಿಡದಿಯ ಬಳಿ ಮೂವರು

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ರೂಪಿಸಿದ ಸಾರಸ್, ಹದಿನಾಲ್ಕು ಜನರಿಗೆಂದು ಯೋಚಿಸಿದ ಜೋಡಿ ಎಂಜಿನ್ನಿನ ಸಣ್ಣ ವಿಮಾನ. 2009ರ ಮಾರ್ಚ್ 6ರ ಮಧ್ಯಾಹ್ನ ಅದರ ಎರಡನೆಯ ಮಾದರಿ ಪರೀಕ್ಷಾ ಹಾರಾಟಕ್ಕೆ ಹೊರಟಿತು. ಆಕಾಶದಲ್ಲಿ ಒಂದು ಎಂಜಿನ್ನನ್ನು ಬೇಕೆಂದೇ ನಿಲ್ಲಿಸಿ ಮತ್ತೆ ಚಾಲೂ ಮಾಡುವುದು ಆ ದಿನದ ಪರೀಕ್ಷೆ. ನಿಂತ ಎಂಜಿನ್ನಿನ ಪ್ರೊಪೆಲ್ಲರಿನ ಅಲಗುಗಳನ್ನು ಗಾಳಿಗೆ ಅಂಚು ಕೊಟ್ಟು ತಿರುಗಿಸಿಟ್ಟರೆ ಮಾತ್ರ ಅದು ತಡೆಯೊಡ್ಡುವುದಿಲ್ಲ. ಮರುಚಾಲನೆಯ ಹೊತ್ತಿಗೆ ಅಲಗುಗಳು ತಪ್ಪು ಕೋನಕ್ಕೆ ಬಂದರೆ ಅದೇ ಪ್ರೊಪೆಲ್ಲರ್ ಗಾಳಿಗೆ ಅಡ್ಡ ಹಿಡಿದ ಮೊರದಂತೆ ವಿಮಾನವನ್ನು ಒಂದು ಬದಿಗೆ ಎಳೆಯುತ್ತದೆ.

ಬಿಡದಿಯ ಸಮೀಪ ವಿಮಾನ ಹತೋಟಿ ತಪ್ಪಿ ಬಿತ್ತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ ತೀರಿಕೊಂಡರು. ಮರುಚಾಲನೆಗೆ ರೂಪಿಸಿದ ಕ್ರಮವೇ ಸರಿಯಿರಲಿಲ್ಲ, ಅದನ್ನು ಸಾಲದಷ್ಟು ಎತ್ತರದಲ್ಲಿ ಮಾಡಲಾಯಿತು ಎಂದು ತನಿಖೆ ಹೇಳಿತು. ಮುಂದೆ ಪ್ರಯಾಣಿಕರಿಗೆ ಬರಬಹುದಾದ ಅಪಾಯವನ್ನು ಮೊದಲು ತಾವು ಎದುರಿಸಿ ನೋಡುವುದೇ ಪರೀಕ್ಷಾ ಚಾಲಕರ ಕೆಲಸ. ಸುಧಾರಿಸಿದ ಸಾರಸ್ 2018ರ ಜನವರಿಯಲ್ಲಿ ಮತ್ತೆ ಹಾರಿತು.

ಮತ್ತೆ ನಿಟ್ಟೂರಿಗೆ

ಈಗ ಆ ಮಗುವಿನ ಪ್ರಶ್ನೆಗೆ ಬರೋಣ. ರೆಕ್ಕೆಯಿಲ್ಲದ ಹೆಲಿಕಾಪ್ಟರ್ ಎಂಜಿನ್ ನಿಂತರೆ ಏನು ಮಾಡುತ್ತದೆ? ಉತ್ತರದ ಬೇರು ಸ್ಪೇನ್ ದೇಶದಲ್ಲಿದೆ. ಹ್ವಾನ್ ದೆ ಲಾ ಸಿಯೆರ್ವಾ ಎಂಬ ಎಂಜಿನಿಯರ್ ಕಟ್ಟಿದ ಮೂರು ಎಂಜಿನ್ನಿನ ವಿಮಾನ 1919ರಲ್ಲಿ ನೆಲದ ಸಮೀಪ ವೇಗ ಕಳೆದುಕೊಂಡು ಸ್ಟಾಲ್ ಆಗಿ ಬಿತ್ತು. ವೇಗ ತಗ್ಗಿದರೂ ಬೀಳದ ಯಂತ್ರ ಬೇಕೆಂದು ಅವನು ಹಟ ಹಿಡಿದ. ರೆಕ್ಕೆಯೇ ತಿರುಗುತ್ತಿದ್ದರೆ ವಿಮಾನ ನಿಧಾನವಾದರೂ ರೆಕ್ಕೆಗೆ ಗಾಳಿ ಸಿಗುತ್ತದಲ್ಲವೇ? ಗಾಳಿಯ ಹೊಡೆತಕ್ಕೇ ತಿರುಗುವ ರೆಕ್ಕೆಗಳುಳ್ಳ ಅವನ ಆಟೋಗೈರೋ 1923ರ ಜನವರಿಯಲ್ಲಿ ಹಾರಿತು.

ಗುಬ್ಬಿಯ ಚನ್ನಬಸವೇಶ್ವರ ಜಾತ್ರೆಯಲ್ಲಿ ಕಾಗದದ ಗಿರಗಿಟ್ಲೆ ಕೊಂಡು ಓಡಿದ ಮಕ್ಕಳಿಗೆಲ್ಲ ಈ ತತ್ತ್ವ ಗೊತ್ತು. ಹೆಲಿಕಾಪ್ಟರಿನ ಎಂಜಿನ್ ನಿಂತ ತಕ್ಷಣ ಚಾಲಕ ಒಂದು ಸನ್ನೆಯನ್ನು ಕೆಳಗಿಳಿಸಿ ಅಲಗುಗಳ ಕೋನವನ್ನು ತಗ್ಗಿಸುತ್ತಾನೆ. ಆಗ ಕೆಳಗಿನಿಂದ ನುಗ್ಗುವ ಗಾಳಿಯೇ ಅಲಗುಗಳನ್ನು ತಿರುಗಿಸುತ್ತಿರುತ್ತದೆ. ನೆಲ ಹತ್ತಿರವಾದಾಗ ಮೂತಿಯೆತ್ತಿ ವೇಗ ಮುರಿದು, ತಿರುಗುವ ಅಲಗುಗಳಲ್ಲಿ ಉಳಿದ ಶಕ್ತಿಯನ್ನು ಒಮ್ಮೆಗೇ ಬಳಸಿ ಮೆತ್ತಗೆ ಇಳಿಯುತ್ತಾನೆ. ಸನ್ನೆ ಇಳಿಸಲು ಒಂದೆರಡು ಸೆಕೆಂಡು ತಡವಾದರೂ ಅಲಗುಗಳ ವೇಗ ಕುಸಿದು ಎಲ್ಲವೂ ಕೈಮೀರುತ್ತದೆ. ತೀರಾ ತಗ್ಗಿನಲ್ಲಿ, ತೀರಾ ನಿಧಾನವಾಗಿ ಹಾರುವಾಗ ಈ ಉಪಾಯವೂ ನಡೆಯದು. ಆದ್ದರಿಂದ ಪ್ರತಿ ಹೆಲಿಕಾಪ್ಟರಿನ ಕೈಪಿಡಿಯಲ್ಲೂ ತಪ್ಪಿಸಬೇಕಾದ ಎತ್ತರ ಮತ್ತು ವೇಗಗಳ ನಕ್ಷೆ ಇರುತ್ತದೆ. ಇಲ್ಲಿಯೂ ಮಾತು ಅದೇ: ಕೂಡಿಟ್ಟ ಗಂಟು ಇರಬೇಕು.

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ತೊಂದರೆಗೆ ಸಿಲುಕಿ ಹೊನ್ನಿಹಾಳದ ಬಳಿ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಉಳಿದುಕೊಂಡರು. ನಿಲ್ದಾಣಕ್ಕೇ ಮರಳಬೇಕೆಂಬ ಆಸೆಯನ್ನು ಬಿಟ್ಟು ಹೊಲವನ್ನು ಒಪ್ಪಿಕೊಳ್ಳುವುದು ಸುಲಭದ ನಿರ್ಧಾರವಲ್ಲ. ಅಂಥ ನಿರ್ಧಾರವನ್ನು ಎಂಜಿನ್ ಚೆನ್ನಾಗಿ ಓಡುತ್ತಿರುವಾಗಲೇ ಮನಸ್ಸಿನಲ್ಲಿ ಮಾಡಿಟ್ಟಿರಬೇಕೆಂದು ಚಾಲಕರಿಗೆ ಕಲಿಸುತ್ತಾರೆ. ನಿಟ್ಟೂರಿನ ಮೇಲೆ ಹಾರುವವನಿಗೆ ತೆಂಗಿನ ತೋಟ ಹಸಿರು ಹಾಸಿಗೆಯಂತೆ ಕಾಣಬಹುದು. ಅದರ ಕೆಳಗಿರುವುದು ಗಟ್ಟಿ ಮರಗಳು. ಕೊಯ್ಲು ಮುಗಿದ ರಾಗಿ ಹೊಲ, ನೀರು ಬತ್ತಿದ ಕೆರೆಯಂಗಳ ಇವೇ ಅವನ ಆಪದ್ಬಂಧುಗಳು. ಅವು ಎಲ್ಲಿವೆ ಎಂದು ಅವನ ಕಣ್ಣು ಸದಾ ಹುಡುಕುತ್ತಿರಬೇಕು.

ವಿದ್ಯಾರ್ಥಿ ಮಿತ್ರರೇ, ಚಾಲಕರ ಕೈಪಿಡಿಯಲ್ಲಿ ಒಂದೊಂದು ಸಾಲೂ ಒಣ ಸೂಚನೆಯಂತೆ ಕಾಣುತ್ತದೆ. ಆದರೆ ಬಿಸಿ ಗಾಳಿಯ ಗುಂಡಿ ಎಳೆ ಎಂಬ ಸಾಲಿನ ಹಿಂದೆ, ವೇಗ ಕಾಪಾಡು ಎಂಬ ಸಾಲಿನ ಹಿಂದೆ ಯಾರೋ ಒಬ್ಬರು ಮನೆಗೆ ಮರಳದ ಒಂದು ದಿನವಿದೆ. ಬಿದರೆಹಳ್ಳ ಕಾವಲಿನಲ್ಲಿ ಮುಂದೆ ಕೆಲಸ ಮಾಡುವವರಲ್ಲಿ ನಿಮ್ಮಲ್ಲಿ ಕೆಲವರೂ ಇರಬಹುದು. ಒಂದು ತಿರುಪು ಬಿಗಿಯುವಾಗ, ಒಂದು ಇಂಧನದ ನಳಿಗೆಯನ್ನು ಪರೀಕ್ಷಿಸುವಾಗ ಈ ಚರಿತ್ರೆ ನಿಮ್ಮ ನೆನಪಿನಲ್ಲಿರಲಿ.

ಯೋಚಿಸಿ ನೋಡಿ

1. 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತಿರುವ ಸಣ್ಣ ವಿಮಾನದ ಎಂಜಿನ್ 200 ಮೀಟರ್ ಎತ್ತರದಲ್ಲಿ ನಿಂತರೆ ಅದು ರನ್‌ವೇಗಿಂತ ಎಷ್ಟು ದೂರ ಮೊದಲೇ ನೆಲ ಮುಟ್ಟುತ್ತದೆ?

2. ಮಡಕೆಯ ನೀರು ತಣ್ಣಗಾಗುವುದಕ್ಕೂ ಕಾರ್ಬ್ಯುರೇಟರಿನಲ್ಲಿ ಹಿಮ ಕಟ್ಟುವುದಕ್ಕೂ ಇರುವ ಸಂಬಂಧವನ್ನು ನಿಮ್ಮ ಮಾತಿನಲ್ಲಿ ವಿವರಿಸಿ.

3. ನಿಮ್ಮ ಊರಿನ ಸುತ್ತ ಎಂಜಿನ್ ನಿಂತ ಪುಟ್ಟ ವಿಮಾನ ಇಳಿಯಬಹುದಾದ ಜಾಗ ಯಾವುದು? ಮಳೆಗಾಲದಲ್ಲಿಯೂ ಬೇಸಿಗೆಯಲ್ಲಿಯೂ ಅದೇ ಉತ್ತರ ಸರಿಯಾದೀತೇ?